ಕುಲಪತಿಯ ಕುರ್ಚಿ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಥಿಗಳು, ಪಾಲಕರು, ಕಾಲೇಜು ಗುಮಾಸ್ತರು, ಸಂಶೋಧಕರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಬಹಳ ವರ್ಷ ವಿಶ್ವವಿದ್ಯಾಲಯದ ಕುಲಪತಿ (ವೈಸ್ ಚಾನ್ಸಲರ್, ಅಂದರೆ ವಿಸಿ) ಆಗಿದ್ದ ಇಬ್ಬರ, ಮದ್ರಾಸಿನ ಮುದಲಿಯಾರ್ ಮತ್ತು ಧಾರವಾಡದ ಪಾವಟೆಯವರ, ಕೈಕೆಳಗೆ ಈ ಮೂರು ಜಿಲ್ಲೆಗಳ ಹಿರಿಯರು ಓದಿದ್ದರಿಂದ ಅವರ ವಿಷಯ ಇಲ್ಲಿ ಕೊಂಚ ಹೆಚ್ಚೇ ಬರುತ್ತದೆ.

## ಮೊದಲು ತಿಳಿಯಬೇಕಾದದ್ದು

ವಿಸಿ ದೊಡ್ಡವರೋ, ಚಾನ್ಸಲರ್ ದೊಡ್ಡವರೋ? ಇಬ್ಬರಿಗೂ ಏನು ವ್ಯತ್ಯಾಸ?

ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳಲ್ಲಿ ಕುಲಾಧಿಪತಿ, ಅಂದರೆ ಚಾನ್ಸಲರ್, ರಾಜ್ಯಪಾಲರು. ಸಹ ಕುಲಾಧಿಪತಿ ಉನ್ನತ ಶಿಕ್ಷಣ ಸಚಿವರು. ಇವರಿಬ್ಬರೂ ಕ್ಯಾಂಪಸ್ಸಿಗೆ ಬರುವುದು ಹೆಚ್ಚಾಗಿ ಘಟಿಕೋತ್ಸವಕ್ಕೆ. ದಿನದಿನದ ಆಡಳಿತ ನಡೆಸುವವರು ಕುಲಪತಿ. ಸಿಂಡಿಕೇಟ್ (ವಿವಿಯ ಆಡಳಿತ ಮಂಡಳಿ), ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿ, ನೇಮಕಾತಿ ಮಂಡಳಿ ಎಲ್ಲಕ್ಕೂ ಅವರೇ ಅಧ್ಯಕ್ಷರು. ಅವರ ಕೆಳಗೆ ಮೂವರು ಮುಖ್ಯ ಅಧಿಕಾರಿಗಳಿರುತ್ತಾರೆ: ಆಡಳಿತ ನೋಡುವ ಕುಲಸಚಿವರು, ಪರೀಕ್ಷೆ ನೋಡುವ ಕುಲಸಚಿವರು (ಮೌಲ್ಯಮಾಪನ), ದುಡ್ಡು ನೋಡುವ ಹಣಕಾಸು ಅಧಿಕಾರಿ. ಅಮೆರಿಕದಲ್ಲಿ ಪ್ರೆಸಿಡೆಂಟ್ ಎನ್ನುವ ಹುದ್ದೆಗೆ ನಮ್ಮಲ್ಲಿ ಸಮನಾಗಿ ನಿಲ್ಲುವುದು ಕುಲಪತಿಯೇ.

ಕೃಷಿ ವಿಶ್ವವಿದ್ಯಾಲಯದ ಲೆಕ್ಕ ಬೇರೆ. 2009ರಲ್ಲಿ ಶುರುವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯ ಬೇರೆ ಕಾಯ್ದೆಯ ಕೆಳಗೆ ನಡೆಯುತ್ತದೆ, ಅಲ್ಲಿ ಸಹ ಕುಲಾಧಿಪತಿ ಕೃಷಿ ಸಚಿವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ಪ್ರತ್ಯೇಕ ಕಾಯ್ದೆಯಿದೆ. ಮುಂದೆ ಬರೆದ ನಿಯಮಗಳು ಬಳ್ಳಾರಿ, ರಾಯಚೂರು, ಕೊಪ್ಪಳದ ಸಾಮಾನ್ಯ ವಿವಿಗಳಿಗೆ ಅನ್ವಯಿಸುವ 2000ನೇ ಇಸವಿಯ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯವು.

ನಮ್ಮಜ್ಜನ ಡಿಗ್ರಿ ಮ್ಯಾಲೆ ಮದ್ರಾಸ್ ಅಂತ ಐತಿ, ಅಪ್ಪಂದ್ರ ಮ್ಯಾಲೆ ಧಾರವಾಡ, ನಂದ್ರ ಮ್ಯಾಲೆ ಗುಲಬರ್ಗಾ. ಒಂದಾ ಊರಾಗ ಓದಿ ಹಿಂಗ್ಯಾಕ್ರೀ?

ಊರು ಅಲ್ಲೇ ಇತ್ತು, ಗಡಿ ಓಡಾಡಿತು. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು. 1945ರಲ್ಲಿ ಶುರುವಾದ ವೀರಶೈವ ಕಾಲೇಜು ಮದ್ರಾಸ್ ವಿವಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಉಳಿದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ರಾಯಚೂರು (ಆಗ ಕೊಪ್ಪಳವೂ ಅದರೊಳಗೇ) ನಿಜಾಮರ ಹೈದರಾಬಾದಿನಲ್ಲಿತ್ತು. ಅಲ್ಲಿಯ ವಿಶ್ವವಿದ್ಯಾಲಯ 1918ರಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾದ ಉಸ್ಮಾನಿಯಾ. 1956ರ ಏಕೀಕರಣದ ಮೇಲೆ ಈ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ತಿರುಗಿದವು. 1980ರಲ್ಲಿ ಗುಲಬರ್ಗಾ ವಿವಿ ಬಂದು ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿಗಳನ್ನು ತೆಗೆದುಕೊಂಡಿತು. 2010ರಲ್ಲಿ ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ ಆಯಿತು, ಕೊಪ್ಪಳವೂ ಅದಕ್ಕೆ ಸೇರಿತು. ಆಮೇಲೆ ರಾಯಚೂರಿಗೆ ಒಂದು (ಈಗ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿಯವರ ಹೆಸರಿನದು), ಅದರ ಬೆನ್ನಿಗೆ ಕೊಪ್ಪಳಕ್ಕೆ ಒಂದು.

ಇದು ಬರೀ ಚರಿತ್ರೆಯ ವಿಷಯವಲ್ಲ. ಹಳೆಯ ಪತ್ರ ಕಳೆದುಕೊಂಡವರು ಮೊದಲು ಎಡವುವುದು ಇಲ್ಲೇ. ಆ ಪ್ರಶ್ನೆ ಮುಂದೆ ಬರುತ್ತದೆ.

ಎಲ್ಲರಿಗಿಂತ ಹೆಚ್ಚು ವರ್ಷ ವಿಸಿ ಆಗಿದ್ದವರು ಯಾರು?

ನಮ್ಮ ಭಾಗಕ್ಕೆ ಸಂಬಂಧಪಟ್ಟವರಲ್ಲಿ ಮೊದಲ ಹೆಸರು ಮದ್ರಾಸ್ ವಿವಿಯ ಆರ್ಕಾಟ್ ಲಕ್ಷ್ಮಣಸ್ವಾಮಿ ಮುದಲಿಯಾರ್: 1942ರಿಂದ 1969, ಸತತ 27 ವರ್ಷ. ಎರಡನೆಯವರು ಧಾರವಾಡದ ದಾದಪ್ಪ ಚಿಂತಪ್ಪ ಪಾವಟೆ: 1954ರಿಂದ 1967, 13 ವರ್ಷ. ಆಂಧ್ರ ವಿವಿಯ ಕಟ್ಟಮಂಚಿ ರಾಮಲಿಂಗಾರೆಡ್ಡಿ ಎರಡು ಬಾರಿ ಕುಲಪತಿಯಾಗಿ ದೀರ್ಘಕಾಲ ಇದ್ದರು, ನಡುವೆ ಬಿಡುವಿತ್ತು. ಮೈಸೂರಿನಲ್ಲಿ ಬ್ರಜೇಂದ್ರನಾಥ ಸೀಲರು 1921ರಿಂದ 1930ರವರೆಗೆ ಇದ್ದರು. ಕುವೆಂಪು ಕುಲಪತಿಯಾಗಿದ್ದು 1956ರಿಂದ 1960, ನಾಲ್ಕೇ ವರ್ಷ. ಜನ ಇವರ ಅವಧಿಯನ್ನು ಉದ್ದವೆಂದು ಭಾವಿಸುವುದುಂಟು. ಅದು ಕೆಲಸದ ಗುರುತು, ಕ್ಯಾಲೆಂಡರಿನದಲ್ಲ.

## ಪಾವಟೆ, ಮುದಲಿಯಾರ್, ಕಂಬಾರ

ಪಾವಟೆ ಅಂದ್ರ ಯಾರು? ‘ರ‍್ಯಾಂಗ್ಲರ್ ಪಾವಟೆ’ ಅಂತಾರಲ್ಲ, ಅದೇನು ಪದವೀನಾ?

1899ರ ಆಗಸ್ಟ್ 2ರಂದು ಬೆಳಗಾವಿ ಜಿಲ್ಲೆ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿದವರು. ಧಾರವಾಡದಿಂದ ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ ಗಣಿತ ಓದಿದರು. ಅಲ್ಲಿಯ ಗಣಿತದ ಆನರ್ಸ್ ಪರೀಕ್ಷೆಗೆ ಟ್ರೈಪಾಸ್ ಎನ್ನುತ್ತಾರೆ. ಅದರಲ್ಲಿ ಪ್ರಥಮ ದರ್ಜೆ ಪಡೆದವರನ್ನು ರ‍್ಯಾಂಗ್ಲರ್ ಎಂದು ಕರೆಯುವುದು ರೂಢಿ. ಪಾವಟೆಯವರಿಗೆ ಅದು 1927ರಲ್ಲಿ ಬಂತು. ಹಾಗಾಗಿ ಇದು ಬೇರೆ ಪದವಿಯಲ್ಲ, ದರ್ಜೆಯ ಹೆಸರು. ನಮ್ಮ ಕಡೆ ಅದು ಮನೆಹೆಸರಿನ ಹಾಗೆ ಅಂಟಿಕೊಂಡಿತು.

ಬಂದ ಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು. ಮುಂದೆ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆ ಸೇರಿ, ಮೇಲೇರುತ್ತ ಸಾರ್ವಜನಿಕ ಶಿಕ್ಷಣ ನಿರ್ದೇಶಕರಾದರು. 1954ರಲ್ಲಿ ಧಾರವಾಡಕ್ಕೆ ಬಂದಾಗ ಅವರಿಗೆ ಐವತ್ತೈದರ ಹತ್ತಿರ. ಈ ಹಿನ್ನೆಲೆ ಮುಖ್ಯ. ವಿದ್ವತ್ತು ಕೇಂಬ್ರಿಜ್ಜಿನದು, ಆದರೆ ಕೈ ಪಳಗಿದ್ದು ಇಲಾಖೆಯ ಕಡತಗಳಲ್ಲಿ. ಅನುದಾನ ಎಲ್ಲಿ ನಿಲ್ಲುತ್ತದೆ, ಯಾವ ಟಿಪ್ಪಣಿಯಿಂದ ಹೊರಡುತ್ತದೆ ಎಂದು ತಿಳಿದವರಿಗೆ ಹೊಸ ವಿಶ್ವವಿದ್ಯಾಲಯ ಕಟ್ಟುವ ಕೆಲಸ ಅರ್ಧ ಹಗುರ.

ಹದಿಮೂರು ವರ್ಷ ಕೂತು ಅವರು ಮಾಡಿದ್ದೇನು? ನಮ್ಮ ಕಡೆಗೆ ಏನು ಸಿಕ್ತು?

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಅದೇ ವರ್ಷ ಧಾರವಾಡಕ್ಕೆ ಬಂದ ಸಂಸ್ಥೆ. ಪಾವಟೆ ಬಂದಾಗ ಅದಕ್ಕೆ ಐದೇ ವರ್ಷ. ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆವರಣ, ಸ್ನಾತಕೋತ್ತರ ವಿಭಾಗಗಳು, ದೊಡ್ಡ ಮುಖ್ಯ ಕಟ್ಟಡ ಎಲ್ಲ ಸೇರಿ ‘ಕ್ಯಾಂಪಸ್’ ಎಂಬ ರೂಪ ತಾಳಿದ್ದು ಅವರ ಕಾಲದಲ್ಲಿ. ಇವತ್ತಿಗೂ ಅದರ ಅಂಚೆ ವಿಳಾಸ ಪಾವಟೆ ನಗರ, ಧಾರವಾಡ 580003.

ನಮ್ಮ ಭಾಗದ ದೃಷ್ಟಿಯಿಂದ ನೋಡಿದರೆ ಅವರ ಅವಧಿಯ ನಡುವೆಯೇ, 1956ರಲ್ಲಿ, ವಿಶ್ವವಿದ್ಯಾಲಯದ ಹೊಣೆ ಒಮ್ಮೆಲೆ ಹಿಗ್ಗಿತು. ಮುಂಬಯಿ ಕರ್ನಾಟಕಕ್ಕೆಂದು ಕಟ್ಟಿದ ಸಂಸ್ಥೆ ಹೈದರಾಬಾದ್ ಸೀಮೆಯ ಮಕ್ಕಳಿಗೂ ಪರೀಕ್ಷೆ ನಡೆಸಬೇಕಾಯಿತು. ಒಬ್ಬರದು ಉರ್ದು ಮಾಧ್ಯಮದ ಹಿನ್ನೆಲೆ, ಇನ್ನೊಬ್ಬರದು ಮದ್ರಾಸಿನ ಪಠ್ಯಕ್ರಮ, ಮತ್ತೊಬ್ಬರದು ಮುಂಬಯಿಯದು. ಇವನ್ನೆಲ್ಲ ಒಂದು ಪಠ್ಯ, ಒಂದು ವೇಳಾಪಟ್ಟಿಗೆ ತರುವುದು ಒಂದೆರಡು ವರ್ಷದ ಕೆಲಸವಲ್ಲ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಶುರುವಾದದ್ದೂ ಈ ಅವಧಿಯಲ್ಲೇ. ಆದರೆ ಒಂದು ಮಾತು ನೇರವಾಗಿ ಹೇಳಬೇಕು: ಕಟ್ಟಡ, ವಿಭಾಗ, ಪ್ರಯೋಗಾಲಯ ಎಲ್ಲವೂ ಧಾರವಾಡದಲ್ಲೇ ಆದವು. ರಾಯಚೂರಿನ ಹುಡುಗ ಎಂ.ಎ. ಓದಬೇಕಾದರೆ ಗಂಟು ಕಟ್ಟಿಕೊಂಡು ಅಲ್ಲಿಗೇ ಹೋಗಬೇಕಿತ್ತು. ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ಬಂದದ್ದು 1970ರಲ್ಲಿ, ಅವರು ಹೋದ ಮೇಲೆ. ಸಂಡೂರಿನ ನಂದಿಹಳ್ಳಿ, ರಾಯಚೂರಿನ ಯರಗೇರಾ ಕೇಂದ್ರಗಳು ಇನ್ನೂ ತಡ.

ವಿಸಿ ಆದವರು ಗವರ್ನರ್ ಹೆಂಗಾದ್ರು? ಅಲ್ಲಿ ಏನು ಮಾಡಿದ್ರು?

1967ರಲ್ಲಿ ಪಾವಟೆಯವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಪಂಜಾಬಿನ ರಾಜ್ಯಪಾಲರಾದರು, 1973ರವರೆಗೆ ಇದ್ದರು. ಅಲ್ಲಿ ಸರ್ಕಾರಗಳು ಮೇಲಿಂದ ಮೇಲೆ ಬೀಳುತ್ತಿದ್ದ ಕಾಲ ಅದು. ಅವರ ಅವಧಿಯಲ್ಲಿ ಎರಡು ಸಲ ರಾಷ್ಟ್ರಪತಿ ಆಳ್ವಿಕೆ ಬಂತು.

ಕಾನೂನು ವಿದ್ಯಾರ್ಥಿಗಳು ಅವರ ಹೆಸರು ಕೇಳಿರುವುದು 1968ರ ಮಾರ್ಚಿನ ಪ್ರಕರಣದಿಂದ. ವಿಧಾನಸಭೆಯ ಸ್ಪೀಕರ್ ತಮ್ಮ ಮೇಲಿನ ಅವಿಶ್ವಾಸದ ಗದ್ದಲದ ನಡುವೆ ಮಾರ್ಚ್ 7ರಂದು ಸದನವನ್ನು ಎರಡು ತಿಂಗಳು ಮುಂದೂಡಿಬಿಟ್ಟರು. ಮಾರ್ಚ್ 31ರೊಳಗೆ ಬಜೆಟ್ ಪಾಸಾಗದಿದ್ದರೆ ಸರ್ಕಾರದ ಖಜಾನೆಯೇ ನಿಲ್ಲುವ ಸ್ಥಿತಿ. ರಾಜ್ಯಪಾಲರು 11ರಂದು ಅಧಿವೇಶನವನ್ನೇ ಮುಕ್ತಾಯಗೊಳಿಸಿದರು, 13ರಂದು ಹಣಕಾಸಿನ ಕಲಾಪ ಕಾಲಮಿತಿಯೊಳಗೆ ಮುಗಿಯಲೆಂದು ಸುಗ್ರೀವಾಜ್ಞೆ ತಂದರು, 18ಕ್ಕೆ ಹೊಸದಾಗಿ ಸದನ ಕರೆದರು. ಹೈಕೋರ್ಟಿನಲ್ಲಿ ಸರ್ಕಾರಕ್ಕೆ ಸೋಲಾಯಿತು. ಸುಪ್ರೀಂ ಕೋರ್ಟ್ ಸತ್ಯಪಾಲ್ ಡಾಂಗ್ ಪ್ರಕರಣದಲ್ಲಿ ರಾಜ್ಯಪಾಲರ ಕ್ರಮವನ್ನು ಎತ್ತಿಹಿಡಿಯಿತು. ಸಭೆಯ ನಿಯಮಾವಳಿಯ ಸಂದುಗೊಂದು ಬಲ್ಲ ಆಡಳಿತಗಾರನ ಕೈಚಳಕ ಇದರಲ್ಲಿ ಕಾಣುತ್ತದೆ.

ಇನ್ನೊಂದು ಸೊಗಸಾದ ವಿಷಯ: ರಾಜ್ಯಪಾಲರಾದ್ದರಿಂದ ಅವರೇ ಅಲ್ಲಿಯ ವಿವಿಗಳ ಕುಲಾಧಿಪತಿ. ಅಮೃತಸರದ ಗುರುನಾನಕ್ ವಿವಿ 1969ರಲ್ಲಿ ಹುಟ್ಟಿದ್ದು ಅವರು ಕುಲಾಧಿಪತಿಯಾಗಿದ್ದಾಗ. ಮೇಜಿನ ಎರಡೂ ಬದಿ ಕುಳಿತವರು ಕಡಿಮೆ. ಶಿಕ್ಷಣಾಡಳಿತದ ನೆನಪುಗಳನ್ನೂ ರಾಜಭವನದ ದಿನಗಳನ್ನೂ ಎರಡು ಬೇರೆ ಬೇರೆ ಇಂಗ್ಲಿಷ್ ಪುಸ್ತಕಗಳಲ್ಲಿ ಬರೆದಿಟ್ಟರು. ತೀರಿಕೊಂಡದ್ದು 1979ರಲ್ಲಿ. ಅವರ ಹೆಸರಿನ ಫೆಲೋಶಿಪ್ ಮೇಲೆ ಇಲ್ಲಿಯವರು ಅವರೇ ಓದಿದ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿಬರುತ್ತಾರೆ.

ಮುದಲಿಯಾರ್ ಡಾಕ್ಟರ್ ಅಂತಾರೆ. ಡಾಕ್ಟರು 27 ವರ್ಷ ವಿಸಿ ಆಗಿದ್ದು ಹೇಗೆ?

ಹೌದು, ವೈದ್ಯರು. ಹೆರಿಗೆ ಶಾಸ್ತ್ರದಲ್ಲಿ ಹೆಸರು ಮಾಡಿದವರು, ಮದ್ರಾಸ್ ಮೆಡಿಕಲ್ ಕಾಲೇಜಿನ ಮೊದಲ ಭಾರತೀಯ ಪ್ರಾಂಶುಪಾಲರು. 1887ರಲ್ಲಿ ಹುಟ್ಟಿದ್ದು ಕರ್ನೂಲಿನಲ್ಲಿ, ನಮಗೆ ಪಕ್ಕದ ಊರೇ. ಅವಳಿ ಸಹೋದರ ರಾಮಸ್ವಾಮಿ ಮುದಲಿಯಾರ್ ಮೈಸೂರಿನ ಕೊನೆಯ ದಿವಾನರು.

ಕುಲಪತಿಯಾಗಿದ್ದುಕೊಂಡೇ ಅವರು ಹೊರಗಿನ ಕೆಲಸ ಹೊತ್ತುಕೊಂಡರು. 1952–53ರ ಪ್ರೌಢಶಿಕ್ಷಣ ಆಯೋಗದ ಅಧ್ಯಕ್ಷತೆ (ಬಿ.ಎಡ್. ಓದಿದವರೆಲ್ಲ ‘ಮುದಲಿಯಾರ್ ಆಯೋಗ’ ಬಾಯಿಪಾಠ ಮಾಡಿರುತ್ತಾರೆ), 1959–61ರ ಆರೋಗ್ಯ ಸಮೀಕ್ಷಾ ಸಮಿತಿ, 1961ರ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷತೆ. 1963ರಲ್ಲಿ ಪದ್ಮವಿಭೂಷಣ ಬಂತು.

ಅಷ್ಟು ವರ್ಷ ಉಳಿದದ್ದಕ್ಕೆ ಮುಖ್ಯ ಕಾರಣ ಆಗಿನ ಕಾನೂನು. ಅವಧಿ ಮುಗಿದಾಗ ಮತ್ತೆ ನೇಮಿಸಲು ಅಡ್ಡಿಯಿರಲಿಲ್ಲ, ಈಗಿನಂತೆ ವಯಸ್ಸಿನ ಗೆರೆಯೂ ಇರಲಿಲ್ಲ. ಹುದ್ದೆ ಬಿಟ್ಟಾಗ ಅವರಿಗೆ ಎಂಬತ್ತು ದಾಟಿತ್ತು. ಅದು ಒಳ್ಳೆಯದೇ ಎಂದು ನಾವು ಹೇಳುವುದಿಲ್ಲ. ಒಬ್ಬರೇ 27 ವರ್ಷ ಕೂತರೆ ಒಂದಿಡೀ ತಲೆಮಾರಿನ ಪ್ರಾಧ್ಯಾಪಕರು ಅವರ ಅಭಿರುಚಿಯ ಪ್ರಕಾರವೇ ಆಯ್ಕೆಯಾಗುತ್ತಾರೆ.

ಹಂಪಿ ಕನ್ನಡ ವಿವಿಗೆ ಕಂಬಾರರು ಎಷ್ಟು ವರ್ಷ ಇದ್ದರು?

1991ರಲ್ಲಿ ಸ್ಥಾಪನೆಯಾದಾಗ ಮೊದಲ ಕುಲಪತಿ ಚಂದ್ರಶೇಖರ ಕಂಬಾರರು. 1998ರಲ್ಲಿ ಎಂ. ಎಂ. ಕಲಬುರ್ಗಿಯವರು ಬಂದರು. ಹಂಪಿಯ ಕಲ್ಲಿನ ವಾಸ್ತುವಿಗೆ ಹೊಂದುವ ಕಟ್ಟಡಗಳು, ಗೌರವ ಪದವಿಗೆ ‘ನಾಡೋಜ’, ಘಟಿಕೋತ್ಸವಕ್ಕೆ ‘ನುಡಿಹಬ್ಬ’ ಎಂಬ ಗುರುತುಗಳು ಈ ವಿವಿಯದೇ ಮುದ್ರೆ. ಸ್ಥಾಪಕ ಕುಲಪತಿಗೆ ಸಿಗುವ ಅವಕಾಶ ಮುಂದಿನವರಿಗೆ ಸಿಗುವುದಿಲ್ಲ. ಹೋಲಿಸುವಾಗ ಇದನ್ನು ಮರೆಯಬಾರದು. ಆಗ ಹಂಪಿ ಇದ್ದದ್ದು ಬಳ್ಳಾರಿ ಜಿಲ್ಲೆಯಲ್ಲಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿ.

## ಇವತ್ತಿನ ಲೆಕ್ಕ

ನನ್ನ ಮಗಳು ಈಗ ಪಿಎಚ್‌ಡಿ ಮಾಡ್ತಾಳ. ವಿಸಿ ಆಗಬೇಕಂದ್ರ ಎಷ್ಟು ವರ್ಷ ಬೇಕು?

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮ ಹಿಡಿದು ಲೆಕ್ಕ ಹಾಕೋಣ. ಪಿಎಚ್‌ಡಿ ಇದ್ದು ಸಹಾಯಕ ಪ್ರಾಧ್ಯಾಪಕಿಯಾದರೆ ವೇತನ ಶ್ರೇಣಿಯ 10ನೇ ಹಂತದಿಂದ 11ಕ್ಕೆ 4 ವರ್ಷ, 11ರಿಂದ 12ಕ್ಕೆ 5 ವರ್ಷ, ಅಲ್ಲಿಂದ 13ಎಗೆ (ಸಹ ಪ್ರಾಧ್ಯಾಪಕ) 3 ವರ್ಷ, ಅಲ್ಲಿಂದ 14ಕ್ಕೆ (ಪ್ರಾಧ್ಯಾಪಕ) 3 ವರ್ಷ. ಒಟ್ಟು 15. ಕುಲಪತಿಯಾಗಲು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಕನಿಷ್ಠ 10 ವರ್ಷ, ಇಲ್ಲವೇ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ ಅಷ್ಟೇ ಅನುಭವ ಬೇಕು. 28ಕ್ಕೆ ಕೆಲಸ ಸಿಕ್ಕಿದರೆ 43ಕ್ಕೆ ಪ್ರಾಧ್ಯಾಪಕಿ, 53ಕ್ಕೆ ಅರ್ಹತೆ. ನೇರ ನೇಮಕಾತಿಯಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕರೆ ಕೆಲವು ವರ್ಷ ಉಳಿಯುತ್ತದೆ.

ಕಾಗದದ ಲೆಕ್ಕ ಕೆಡುವ ಜಾಗಗಳು ಬೇರೆ. ಬಡ್ತಿ ಸಂದರ್ಶನ ಸಮಯಕ್ಕೆ ಕರೆಯದೆ ವರ್ಷಗಟ್ಟಲೆ ಕೂಡಿಸಿಡುತ್ತಾರೆ. ಪೂರ್ವಾನ್ವಯವಾಗಿ ಬಡ್ತಿ ಕೊಟ್ಟರೂ ಆದೇಶದಲ್ಲಿ ದಿನಾಂಕ ತಪ್ಪಾಗಿ ಬೀಳುತ್ತದೆ. ಅರ್ಜಿ ಹಾಕುವಾಗ ಆ 10 ವರ್ಷಕ್ಕೆ ಮೂರು ತಿಂಗಳು ಕಡಿಮೆ ಬೀಳುತ್ತದೆ. ಪ್ರಾಧ್ಯಾಪಕ ಹುದ್ದೆಯ ಆದೇಶ ಕೈಗೆ ಬಂದ ದಿನವೇ ‘ಯಾವ ದಿನಾಂಕದಿಂದ ಜಾರಿ’ ಎಂಬ ಸಾಲು ಓದಿ, ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಬೇಕು. ಪದವಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ವರ್ಷಗಳೇ ಸಾಕು ಎಂದುಕೊಂಡು ಅರ್ಜಿ ಹಾಕುವವರೂ ಇದ್ದಾರೆ. ನಿಯಮದ ಪದ ‘ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ’ ಎಂದಿರುವುದರಿಂದ ಅವರು ಪರಿಶೀಲನೆಯಲ್ಲೇ ನಿಂತುಹೋಗುತ್ತಾರೆ.

ಆಯ್ಕೆ ಯಾರು ಮಾಡ್ತಾರೆ? ಎಲ್ಲ ಬೆಂಗಳೂರಲ್ಲೇ ಮುಗಿಯುತ್ತಾ?

ಶೋಧನಾ ಸಮಿತಿಯಲ್ಲಿ ನಾಲ್ವರು: ಕುಲಾಧಿಪತಿಯ ಕಡೆಯಿಂದ ಒಬ್ಬರು, ಯುಜಿಸಿಯಿಂದ ಒಬ್ಬರು, ರಾಜ್ಯ ಸರ್ಕಾರದಿಂದ ಒಬ್ಬರು, ಆಯಾ ವಿವಿಯ ಸಿಂಡಿಕೇಟ್‌ನಿಂದ ಒಬ್ಬರು. ಅರ್ಜಿ ಕರೆದು, ಪರಿಶೀಲಿಸಿ, ಮೂವರ ಹೆಸರನ್ನು ಅಕಾರಾದಿಯಾಗಿ ಸರ್ಕಾರಕ್ಕೆ ಕೊಡುತ್ತಾರೆ. ಪಟ್ಟಿಯಲ್ಲಿ ಮೊದಲು ಬಂದವರೇ ಮೊದಲ ಆಯ್ಕೆ ಎಂದು ಪತ್ರಿಕೆಗಳು ಬರೆಯುವುದು ತಪ್ಪು. ಸರ್ಕಾರ ಪಟ್ಟಿಯನ್ನು ರಾಜಭವನಕ್ಕೆ ಕಳಿಸುತ್ತದೆ. ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯ ನೋಡಿ, ಸರ್ಕಾರದ ಸಹಮತಿಯೊಂದಿಗೆ ಕುಲಾಧಿಪತಿ ಒಬ್ಬರನ್ನು ನೇಮಿಸುತ್ತಾರೆ. ಯಾರೂ ಒಪ್ಪಿಗೆಯಾಗದಿದ್ದರೆ ಹೊಸ ಪಟ್ಟಿ ಕೇಳಬಹುದು.

ತಡವಾಗುವುದು ಈ ‘ಸಹಮತಿ’ಯ ಹಂತದಲ್ಲಿ. ಸರ್ಕಾರಕ್ಕೊಬ್ಬರು, ರಾಜಭವನಕ್ಕೊಬ್ಬರು ಬೇಕಾದರೆ ಕಡತ ಎರಡು ಕಡೆ ಓಡಾಡುತ್ತದೆ. ಊರಿನ ಪಾತ್ರ ಇರುವುದು ಸಿಂಡಿಕೇಟ್ ಕಳಿಸುವ ಆ ಒಬ್ಬ ಸದಸ್ಯರಲ್ಲಿ ಮಾತ್ರ. ಸಿಂಡಿಕೇಟ್‌ಗೇ ನಾಮನಿರ್ದೇಶನ ಆಗಿರದಿದ್ದರೆ ಅದೂ ಸಿಕ್ಕಿಹಾಕಿಕೊಳ್ಳುತ್ತದೆ.

ಪಾವಟೆ ಕಾಲದ ಹಾಗೆ ಹದಿಮೂರು ವರ್ಷ ಈಗ ಯಾಕೆ ಸಾಧ್ಯವಿಲ್ಲ?

ಈಗ ಅವಧಿ 4 ವರ್ಷ, ಅಥವಾ 67 ವಯಸ್ಸು ತುಂಬುವವರೆಗೆ, ಯಾವುದು ಮೊದಲೋ ಅದು. 64ರಲ್ಲಿ ನೇಮಕವಾದವರಿಗೆ ಸಿಗುವುದು ಮೂರೇ ವರ್ಷ. ಬೇರೆ ರಾಜ್ಯಗಳಲ್ಲಿ ಮರುನೇಮಕದ ಪ್ರಯತ್ನಗಳು ಕೋರ್ಟ್ ಮೆಟ್ಟಿಲೇರಿವೆ. ಕೇರಳದ ಕಣ್ಣೂರು ವಿವಿಯ ಕುಲಪತಿಯ ಮರುನೇಮಕವನ್ನು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮರುನೇಮಕವೇ ತಪ್ಪೆಂದು ಕೋರ್ಟ್ ಹೇಳಲಿಲ್ಲ. ನಿರ್ಧಾರ ಕುಲಾಧಿಪತಿಯದಾಗಿರಬೇಕಿತ್ತು, ಸರ್ಕಾರ ಅದರಲ್ಲಿ ಕೈಹಾಕಿತು ಎಂಬುದೇ ದೋಷ.

ನಾಲ್ಕು ವರ್ಷ ಹೇಗೆ ಕರಗುತ್ತದೆ ನೋಡಿ. ಮೊದಲ ವರ್ಷ ಬಾಕಿ ಕಡತ, ಬಾಕಿ ಫಲಿತಾಂಶ, ಕೋರ್ಟ್ ಕೇಸು. ಬೋಧಕರ ನೇಮಕಾತಿಗೆ ಸರ್ಕಾರದ ಅನುಮತಿ, ಮೀಸಲಾತಿ ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಸರದಿ ಪಟ್ಟಿ), 371ಜೆ (ನಮ್ಮ ಭಾಗದವರಿಗೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ವರ್ಗೀಕರಣ, ಅಧಿಸೂಚನೆ, ಸಂದರ್ಶನ ಎನ್ನುವಷ್ಟರಲ್ಲಿ ಎರಡು ವರ್ಷ ಸಾಲದು. ರೋಸ್ಟರಿನಲ್ಲಿ ಒಂದು ತಪ್ಪಾದರೆ ಅಧಿಸೂಚನೆಯೇ ಬಿದ್ದುಹೋಗುತ್ತದೆ. ಕೊನೆಯ ಆರು ತಿಂಗಳಲ್ಲಿ ದೊಡ್ಡ ನೇಮಕಾತಿ ಮಾಡಿದರೆ ಸಂಶಯ, ಮಾಡದಿದ್ದರೆ ನಿಷ್ಕ್ರಿಯ ಎಂಬ ಹೆಸರು.

ನಮ್ಮ ವಿವಿಗೆ ಯಾವಾಗ ನೋಡಿದ್ರೂ ‘ಪ್ರಭಾರ’ ಕುಲಪತಿ. ಹಾಗಂದ್ರೇನು?

ಹುದ್ದೆ ಖಾಲಿಯಾದಾಗ ಡೀನರಲ್ಲಿ (ಕಲೆ, ವಿಜ್ಞಾನದಂಥ ನಿಕಾಯಗಳ ಮುಖ್ಯಸ್ಥರಲ್ಲಿ) ಸೇವಾ ಹಿರಿತನ ಇರುವವರು ಹೊಸಬರು ಬರುವವರೆಗೆ ಹೊಣೆ ಹೊರುತ್ತಾರೆ. ಪರೀಕ್ಷೆ ನಡೆಯುತ್ತದೆ, ಸಂಬಳ ಆಗುತ್ತದೆ. ನೇಮಕಾತಿ, ಹೊಸ ವಿಭಾಗ, ದೊಡ್ಡ ಟೆಂಡರ್‌ಗೆ ಪ್ರಭಾರಿಗಳು ಕೈಹಾಕುವುದಿಲ್ಲ, ಹಾಕಿದರೆ ಮುಂದೆ ಪ್ರಶ್ನೆ ಏಳುತ್ತದೆ. ಹಿರಿಯ ಡೀನ್ ನಿವೃತ್ತರಾದರೆ ಪ್ರಭಾರವೂ ಕೈಬದಲಾಗುತ್ತದೆ. ಹೊಸ ವಿವಿಯಲ್ಲಿ ಡೀನರಾಗುವಷ್ಟು ಹಿರಿಯ ಪ್ರಾಧ್ಯಾಪಕರೇ ಬೆರಳೆಣಿಕೆ ಇರುವುದರಿಂದ ಈ ತೊಂದರೆ ಇನ್ನೂ ಹೆಚ್ಚು.

ಸಂಬಳ ಎಷ್ಟು?

ಏಳನೇ ವೇತನ ಆಯೋಗದ ನಂತರದ ಯುಜಿಸಿ ಶ್ರೇಣಿಯಲ್ಲಿ ತಿಂಗಳಿಗೆ ಮೂಲವೇತನ 2,10,000 ರೂ., ವಿಶೇಷ ಭತ್ಯೆ 11,250 ರೂ. ಜೊತೆಗೆ ತುಟ್ಟಿಭತ್ಯೆ, ವಸತಿ, ಕಾರು.

ತಪ್ಪು ಮಾಡಿದ ವಿಸಿಯನ್ನು ತೆಗೆಯಬಹುದಾ?

ಬಹುದು, ಆದರೆ ಒಂದು ಪತ್ರದಿಂದಲ್ಲ. ಕಾಯ್ದೆಯ ಹೊಣೆಯನ್ನು ಬೇಕೆಂದೇ ನಿರ್ವಹಿಸದಿದ್ದರೆ ಅಥವಾ ಅಧಿಕಾರ ದುರುಪಯೋಗ ಮಾಡಿದರೆ, ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಯಿಂದ ವಿಚಾರಣೆ ಆಗಿ, ಕುಲಪತಿಗೆ ಉತ್ತರ ಕೊಡಲು ಅವಕಾಶ ಕೊಟ್ಟ ಮೇಲೆ ಕುಲಾಧಿಪತಿ ಆದೇಶ ಹೊರಡಿಸಬೇಕು. ವಿಚಾರಣೆ ಮುಗಿಯುವಷ್ಟರಲ್ಲಿ ಅವಧಿಯೇ ಮುಗಿಯುವುದು ಸಾಮಾನ್ಯ.

ನೇಮಕವನ್ನೇ ಪ್ರಶ್ನಿಸುವ ದಾರಿ ಇನ್ನೊಂದು. ಗುಜರಾತಿನ ಸರದಾರ್ ಪಟೇಲ್ ವಿವಿಯ ನೇಮಕ 2022ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು ಯುಜಿಸಿ ನಿಯಮಕ್ಕೆ ವಿರುದ್ಧವಾಗಿತ್ತು ಎಂಬ ಕಾರಣಕ್ಕೆ. ಅದೇ ವರ್ಷ ಅಕ್ಟೋಬರಿನಲ್ಲಿ ಕೇರಳದ ತಾಂತ್ರಿಕ ವಿವಿಯ ನೇಮಕವೂ ಬಿತ್ತು. ಅಲ್ಲಿ ಸಮಿತಿ ಒಂದೇ ಹೆಸರು ಕಳಿಸಿತ್ತು, ಪಟ್ಟಿ ಎಂದರೆ ಒಂದೇ ಹೆಸರಲ್ಲ ಎಂದಿತು ಕೋರ್ಟ್.

ಕೊಪ್ಪಳ ವಿವಿ ಮುಚ್ಚುತ್ತಾರಂತೆ, ನಮ್ಮ ಡಿಗ್ರಿ ಏನಾಗುತ್ತೆ?

2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಕೊಪ್ಪಳವೂ ಸೇರಿ ಕೆಲವು ಹೊಸ ವಿವಿಗಳನ್ನು ಮುಂದುವರಿಸಬೇಕೇ ಎಂಬ ಚರ್ಚೆ ಎತ್ತಿದಾಗಿನಿಂದ ಈ ಭಯ. ವಿಶ್ವವಿದ್ಯಾಲಯ ಇದ್ದಾಗ ಕಾನೂನುಬದ್ಧವಾಗಿ ಕೊಟ್ಟ ಪದವಿ ಮುಂದೆ ವಿಲೀನವಾದರೂ ಪದವಿಯೇ. 1980ರಲ್ಲಿ ಗುಲಬರ್ಗಾ ವಿವಿ ಬಂದಾಗ ಧಾರವಾಡದ ಪದವಿಗಳೇನೂ ರದ್ದಾಗಲಿಲ್ಲ. ನೀವು ಮಾಡಬೇಕಾದ್ದು ಇಷ್ಟೇ: ಪ್ರತಿ ಸೆಮಿಸ್ಟರಿನ ಅಂಕಪಟ್ಟಿ ಕೈಗೆ ಪಡೆದುಕೊಳ್ಳಿ, ಘಟಿಕೋತ್ಸವದ ಪತ್ರಕ್ಕೆ ಶುಲ್ಕ ಕಟ್ಟಿದ ರಸೀದಿ ಇಟ್ಟುಕೊಳ್ಳಿ, ಡಿಜಿಲಾಕರ್‌ನಲ್ಲಿ ಬಂದಿದೆಯೇ ನೋಡಿ.

## ಅರ್ಜಿ, ದಾಖಲೆ, ಸಂಶೋಧನೆ

ಮಾರ್ಕ್ಸ್ ಕಾರ್ಡಿನಾಗ ಹೆಸರು ತಪ್ಪೈತ್ರೀ. ಸೀದಾ ವಿಸಿ ಸಾಹೇಬ್ರಿಗೆ ಅರ್ಜಿ ಕೊಡ್ಲೇನು?

ಬೇಡ. ಕುಲಪತಿಗೆ ಕೊಟ್ಟ ಅರ್ಜಿ ಮೇಲೆ ‘ಕು.ಸ. (ಮೌ), ಪರಿಶೀಲಿಸಿ’ ಎಂದು ಷರಾ ಬಿದ್ದು ಕೆಳಗೆ ಬರುತ್ತದೆ, ಅಷ್ಟರಲ್ಲಿ ಹದಿನೈದು ದಿನ ಹೋಗಿರುತ್ತದೆ. ಕಾಲೇಜಿನ ಪ್ರಾಂಶುಪಾಲರ ಮೂಲಕ ಕುಲಸಚಿವರು (ಮೌಲ್ಯಮಾಪನ) ಅವರಿಗೆ ಬರೆಯಿರಿ. ಜೊತೆಗೆ ತಪ್ಪಾದ ಮೂಲ ಅಂಕಪಟ್ಟಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ದೃಢೀಕೃತ ಪ್ರತಿ, ಪ್ರವೇಶಪತ್ರ, ಶುಲ್ಕದ ರಸೀದಿ. ಹೆಸರು ಎಸ್ಸೆಸ್ಸೆಲ್ಸಿಯಲ್ಲೇ ತಪ್ಪಿದ್ದರೆ ವಿವಿ ಏನೂ ಮಾಡಲಾರದು, ಮೊದಲು ಅಲ್ಲಿ ತಿದ್ದಿಸಬೇಕು. ಆವಕ ವಿಭಾಗದಲ್ಲಿ ಅರ್ಜಿಯ ಸಂಖ್ಯೆ ಬರೆಸಿಕೊಳ್ಳದೆ ವಾಪಸ್ ಬರಬೇಡಿ. ಕೆಳಗೆ ಕೆಲಸ ಆಗದೇ ಉಳಿದಾಗ ಮಾತ್ರ ಆ ಸಂಖ್ಯೆ ಹಾಕಿ ಕುಲಪತಿಗೆ ಬರೆಯಿರಿ, ಆಗ ಅದಕ್ಕೆ ತೂಕ ಬರುತ್ತದೆ.

ಹಳೆ ಡಿಗ್ರಿ ಸರ್ಟಿಫಿಕೇಟ್ ಕಳೆದಿದೆ. ಈಗ ಬಳ್ಳಾರಿ ವಿವಿ ಇದೆಯಲ್ಲ, ಅಲ್ಲೇ ಸಿಗುತ್ತಾ?

ಇಲ್ಲ. ಪದವಿ ಕೊಟ್ಟ ವಿವಿಯೇ ನಕಲು ಕೊಡಬೇಕು. ಕಾಲೇಜು ಇವತ್ತು ಯಾವ ವಿವಿಗೆ ಸೇರಿದೆ ಎಂಬುದು ಲೆಕ್ಕಕ್ಕಿಲ್ಲ. 1975ರಲ್ಲಿ ಪಾಸಾದವರು ಧಾರವಾಡಕ್ಕೆ, 1995ರವರು ಕಲಬುರಗಿಗೆ ಹೋಗಬೇಕು. 1950ರ ದಶಕದ ನಡುವಿನವರದು ಗೊಂದಲ. ಮನೆಯಲ್ಲಿ ಯಾವುದಾದರೂ ಅಂಕಪಟ್ಟಿ, ಸೇವಾ ಪುಸ್ತಕದ ನಮೂದು ಸಿಕ್ಕರೆ ಮುದ್ರೆ ನೋಡಿ ತೀರ್ಮಾನಿಸಿ. ವೈದ್ಯಕೀಯ ಓದಿದವರಿಗೂ ಇದೇ ಮಾತು: ರಾಜೀವ್ ಗಾಂಧಿ ಆರೋಗ್ಯ ವಿವಿ 1996ರಿಂದೀಚೆಗಿನದು, ಅದಕ್ಕೂ ಹಿಂದಿನದನ್ನು ಅಲ್ಲಿ ಕೇಳಿದರೆ ವಾಪಸ್ ಕಳಿಸುತ್ತಾರೆ.

ಬೇಕಾಗುವುದು: ನೋಂದಣಿ ಸಂಖ್ಯೆ, ಪಾಸಾದ ವರ್ಷ ಮತ್ತು ತಿಂಗಳು, ಕಳೆದ ಬಗ್ಗೆ ಪೊಲೀಸ್ ಸ್ವೀಕೃತಿ, ನೋಟರಿ ಮಾಡಿಸಿದ ಪ್ರಮಾಣಪತ್ರ, ಗುರುತಿನ ಚೀಟಿ, ಶುಲ್ಕ. ನೋಂದಣಿ ಸಂಖ್ಯೆ ನೆನಪಿಲ್ಲದಿದ್ದರೆ ಮೊದಲು ಕಾಲೇಜಿನ ದಾಖಲಾತಿ ರಿಜಿಸ್ಟರ್ ನೋಡಿಸಿ. ಅದಿಲ್ಲದೆ ಹೋದರೆ ಕೈಬರಹದ ಹಳೆ ಲೆಡ್ಜರುಗಳಲ್ಲಿ ಹೆಸರು ಹುಡುಕುವವರು ಯಾರೂ ಇಲ್ಲ. ನಕಲಿನ ಮೇಲೆ ಈಗಿನ ಕುಲಪತಿಯ ಸಹಿ ಇರುತ್ತದೆ, ಗಾಬರಿ ಬೇಡ.

ಒಬ್ಬ ಕುಲಪತಿಯ ಆಡಳಿತದ ಮೇಲೆ ಪಿಎಚ್‌ಡಿ ಮಾಡ್ತಿದ್ದೇನೆ. ಅಭಿನಂದನ ಗ್ರಂಥ ಬಿಟ್ಟು ಬೇರೆ ಏನು ನೋಡಲಿ?

ಅಭಿನಂದನ ಗ್ರಂಥವನ್ನು ದಿನಾಂಕಗಳಿಗೆ ಮಾತ್ರ ನಂಬಿ, ಅದೂ ಎರಡನೇ ಕಡೆ ಸರಿನೋಡಿ. ನಿಜವಾದ ಕಣಜ ಸಿಂಡಿಕೇಟ್ ನಡಾವಳಿ. ಅದರಲ್ಲಿ ‘ಕುಲಪತಿಗಳು ತುರ್ತು ಅಧಿಕಾರ ಬಳಸಿ ಕೈಗೊಂಡ ಕ್ರಮಗಳ ಸ್ಥಿರೀಕರಣ’ ಎಂಬ ವಿಷಯ ಪ್ರತಿ ಸಭೆಯಲ್ಲೂ ಇರುತ್ತದೆ. ಆ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದ್ದರೆ ಕುಲಪತಿ ಸಭೆಯನ್ನು ಬದಿಗಿಟ್ಟು ಆಳುತ್ತಿದ್ದಾರೆ ಎಂದರ್ಥ. ಒಂದೆರಡು ಕ್ರಮಗಳನ್ನು ಸಿಂಡಿಕೇಟ್ ಸ್ಥಿರೀಕರಿಸದೆ ವಾಪಸ್ ಕಳಿಸಿದ್ದರೆ ಅಲ್ಲೇ ನಿಮ್ಮ ಅಧ್ಯಾಯ ಇದೆ. ಜೊತೆಗೆ ವಾರ್ಷಿಕ ವರದಿ, ಲೆಕ್ಕಪರಿಶೋಧನಾ ಆಕ್ಷೇಪಗಳು, ಸಂಯೋಜನೆಗಾಗಿ (ಕಾಲೇಜನ್ನು ವಿವಿಗೆ ಸೇರಿಸಿಕೊಳ್ಳುವ ಮಾನ್ಯತೆಗಾಗಿ) ಕಾಲೇಜುಗಳಿಗೆ ಹೋದ ಸ್ಥಳೀಯ ವಿಚಾರಣಾ ಸಮಿತಿಯ (ಎಲ್‌ಐಸಿ) ವರದಿಗಳು. ಸೌಕರ್ಯವೇ ಇಲ್ಲವೆಂದು ಎಲ್‌ಐಸಿ ಬರೆದ ಕಾಲೇಜಿಗೂ ಆ ವರ್ಷ ಸಂಯೋಜನೆ ಸಿಕ್ಕಿದೆಯೇ ನೋಡಿ.

ಕೊಡದಿದ್ದರೆ ಮಾಹಿತಿ ಹಕ್ಕು. ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ, ಶುಲ್ಕ 10 ರೂ., ಪುಟಕ್ಕೆ 2 ರೂ. ‘1995ರಿಂದ ಎಲ್ಲ ನಡಾವಳಿ ಕೊಡಿ’ ಎಂದು ಬರೆದರೆ ವಿಷಯ ಸ್ಪಷ್ಟವಿಲ್ಲ ಎಂದು ಹಿಂದಿರುಗುತ್ತದೆ. ಒಂದು ವರ್ಷ, ಒಂದು ವಿಷಯ ಹಿಡಿದು ‘ಕಡತ ಪರಿಶೀಲನೆಗೆ ಅವಕಾಶ ಕೊಡಿ’ ಎಂದು ಕೇಳಿ, ಹೋಗಿ ಓದಿ, ಬೇಕಾದ ಪುಟಕ್ಕಷ್ಟೇ ನಕಲು ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ವಿವಿಯಲ್ಲೇ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ನಮ್ಮ ಜಿಲ್ಲೆಗಳವರಿಗೆ ಕಲಬುರಗಿಯಲ್ಲಿ ಅದರ ಪೀಠವಿದೆ.

ಒಬ್ಬ ಕುಲಪತಿ ಚೆನ್ನಾಗಿ ಮಾಡಿದರೋ ಇಲ್ಲವೋ ಅಂತ ಅಳೆಯೋದು ಹೇಗೆ?

ಶಂಕುಸ್ಥಾಪನೆಯ ಕಲ್ಲು ಎಣಿಸಬೇಡಿ. ಐದು ಸಂಗತಿ ತೆಗೆದುಕೊಳ್ಳಿ: ಕೊನೆಯ ಪರೀಕ್ಷೆ ಮುಗಿದು ಎಷ್ಟು ದಿನಕ್ಕೆ ಫಲಿತಾಂಶ ಬಂತು, ಘಟಿಕೋತ್ಸವ ವರ್ಷಕ್ಕೊಮ್ಮೆ ಆಯಿತೇ, ಮಂಜೂರಾದ ಬೋಧಕ ಹುದ್ದೆಗಳಲ್ಲಿ ತುಂಬಿದ್ದೆಷ್ಟು, ಅವರು ಮಾಡಿದ ನೇಮಕಾತಿಗಳಲ್ಲಿ ಕೋರ್ಟಿನಲ್ಲಿ ನಿಂತದ್ದೆಷ್ಟು, ಬಿಟ್ಟುಹೋಗುವಾಗ ಪಿಂಚಣಿ ನಿಧಿಯಲ್ಲಿ ದುಡ್ಡಿತ್ತೇ. ಈ ಅಂಕಿಗಳನ್ನು ಅವರು ಬಂದ ವರ್ಷ ಮತ್ತು ಹೋದ ವರ್ಷ ಎರಡಕ್ಕೂ ತೆಗೆದು ಪಕ್ಕಪಕ್ಕ ಬರೆಯಿರಿ. ನಡುವೆ ಪ್ರಭಾರಿಗಳ ತಿಂಗಳುಗಳಿದ್ದರೆ ಬೇರೆ ಕಾಲಂ ಮಾಡಿ. ಇಲ್ಲದಿದ್ದರೆ ಹಿಂದಿನವರ ಬಾಕಿ ಇವರ ತಲೆಗೆ, ಇವರ ನೇಮಕಾತಿಯ ಫಲ ಮುಂದಿನವರ ಖಾತೆಗೆ ಹೋಗುತ್ತದೆ.